ಒಂದು ರೂಪಾಯಿಯ ಅಂಜಲ್

ಆ ಪಾಠಕ್ಕೆ ನನಗೆ ಬಿದ್ದ ಖರ್ಚು ಒಂದು ಇಡೀ ಅಂಜಲ್ ಮೀನು. ಚೌಕಾಸಿ ಮಾಡಿ ಟೀಚರ ಫೀಸನ್ನು ಅರ್ಧಕ್ಕಿಳಿಸಿದ್ದೆ. ಉಳಿದದ್ದನ್ನು ಅವರು ಹೀಗೆ ವಸೂಲು ಮಾಡಿದರು.

ಕದ್ರಿಯ ಮನೆಯ ಮಹಡಿಯಲ್ಲಿ ಅವರ ಕಂಪ್ಯೂಟರ್ ಕ್ಲಾಸು. ಕನ್ನಡಕದ ಮುರಿದ ಕಾಲಿಗೆ ನೈಲಾನ್ ದಾರ ಸುತ್ತಿರುತ್ತಿತ್ತು. ಪರದೆಗೆ ಮೂಗು ತಾಗುವಷ್ಟು ಬಗ್ಗಿ, ನನ್ನ ಕೋಡಿನ ಮೇಲೆ ಪೆನ್ಸಿಲಿನ ಹಿಂತುದಿಯಿಂದ ಟಕ್ಕೆಂದು ಬಡಿಯುತ್ತಿದ್ದರು. ತಪ್ಪು ಎನ್ನುತ್ತಿರಲಿಲ್ಲ. "ಇದನ್ನು ಹೇಳಿದ್ದು ಯಾರು?" ಎಂದಷ್ಟೇ ಕೇಳುತ್ತಿದ್ದರು.

ನಮ್ಮದು ಬಂದರಿನಲ್ಲಿ ಮೀನು ಮಾರುವ ಮನೆ. ಆನ್‌ಲೈನ್ ಮಾರಾಟಕ್ಕೆ ಸೈಟನ್ನು ನಾನೇ ಬರೆದೆ. ಮಾವನ ಬೋಟಿನ ಅಷ್ಟೂ ಮೀನು ಅದನ್ನೇ ನಂಬಿ ಕೂತಿತ್ತು. ನೋಡಿ ಹೇಳಿ ಎಂದು ಟೀಚರಿಗೆ ಮೊದಲೇ ಲಿಂಕ್ ಕೊಟ್ಟಿದ್ದೆ. ಸೈಟ್ ತೆರೆಯುವ ಹಿಂದಿನ ಸಂಜೆ ಫೋನಿಗೆ ಆರ್ಡರ್ ಬಂತು: ಟೀಚರ ಹೆಸರು, ಅಂಜಲ್ ಒಂದು, ದರ ಒಂದು ರೂಪಾಯಿ.

ಕದ್ರಿಗೆ ಓಡಿದೆ. "ಎಂತ ಟೀಚರ್ ಇದು?"

"ಆರ್ಡರ್ ಫಾರ್ಮಿನಲ್ಲಿ ದರ ಅಡಗಿಸಿ ಇಟ್ಟಿದ್ದಿ ಅಲ್ವಾ, ಅದನ್ನು ತೆಗೆದು ಬೇರೆ ಹಾಕಿದೆ. ನಿನ್ನ ಸರ್ವರ್ ಹೂಂ ಅಂತು. ನಿನ್ನಷ್ಟು ಚೌಕಾಸಿ ಅದಕ್ಕೆ ಬರುದಿಲ್ಲ."

"ಯಾರಿಗೂ ಕಾಣುದಿಲ್ಲ ಅಂತ ಎಣಿಸಿದ್ದೆ."

"ಬಂದರಿನ ಧಕ್ಕೆಯಲ್ಲಿ ಮೀನಿನ ಏಲಂ ಮುಗಿದ ಮೇಲೆ, ಎಷ್ಟಕ್ಕೆ ಕೂಗಿದ್ದು ಅಂತ ತೆಗೊಂಡವನನ್ನೇ ಕೇಳ್ತೀಯಾ?"

"ಮಂಡೆ ಸರಿ ಇಲ್ವಾ ನನಗೆ? ನಮ್ಮ ಕಡೆಯವ ಬರೆದದ್ದೇ ದರ."

"ಮತ್ತೆ ಇಲ್ಲಿ ಯಾಕೆ ಕೇಳಿದ್ದು ಮಾರಾಯ?"

ಅಲ್ಲೇ ಕೂತು ತಿದ್ದಿದೆ. ಫಾರ್ಮಿನಿಂದ ಬರುವುದು ಯಾವ ಮೀನು, ಎಷ್ಟು ಎಂಬುದು ಮಾತ್ರ, ದರ ನಮ್ಮದು. ಗಿರಾಕಿ ಯಾರು, ಅವನ ಬುಟ್ಟಿಯಲ್ಲಿ ಏನಿದೆ ಎಂಬ ನೆನಪು ಸೆಶನ್‌ನಲ್ಲಿ, ಸರ್ವರಿನ ಬಳಿಯೇ. ಗಿರಾಕಿಯ ಕೈಗೆ ಗುರುತಿಗೊಂದು ಟೋಕನ್ ಅಷ್ಟೆ. ಹೊರಡುವಾಗ ಟೀಚರ್, "ಅಂಜಲ್ ನಾಳೆ ಬರ್ಲಿ. ಆರ್ಡರ್ ಆರ್ಡರೇ" ಎಂದರು. ಒಯ್ದು ಕೊಟ್ಟೆ. ನಾಣ್ಯ ತಯಾರಿಟ್ಟಿದ್ದರು.

ಈ ಮಳೆಗಾಲಕ್ಕೆ ಮೊದಲು ಅವರು ತೀರಿಕೊಂಡರು. ಹೋದೆ, ನಿಂತೆ, ಬಂದೆ. ಅಳು ಬರಲಿಲ್ಲ. ಆರ್ಡರುಗಳಿದ್ದವು, ಕಳಿಸಿದೆ. ಗಿರಾಕಿಗಳ ಸಾಲಿನಲ್ಲಿ ಮೊದಲ ಹೆಸರು ಈಗಲೂ ಅವರದೇ. ಅಳಿಸಲು ಒಂದು ಕ್ಲಿಕ್ ಸಾಕು. ಅಳಿಸಿಲ್ಲ. ಯಾಕೆಂದು ಯೋಚಿಸಿಯೂ ಇಲ್ಲ.

ನೀವು ಸೈಟ್ ಬರೆಯುವವರಾದರೆ, ತೆರೆಯುವ ಮೊದಲು ನಿಮ್ಮನ್ನು ಸೋಲಿಸಬಲ್ಲ ಒಬ್ಬರ ಕೈಗೆ ಕೊಡಿ. ಅವರ ಫೀಸಿನಲ್ಲಿ ಚೌಕಾಸಿ ಬೇಡ. ಫಾರ್ಮಿನಿಂದ ಏನೇ ಬರಲಿ, ಇದನ್ನು ಹೇಳಿದ್ದು ಯಾರು ಎಂದು ಕೇಳಿ. ಹೇಳಿದ್ದು ಗಿರಾಕಿ ಎಂದಾದರೆ, ನಿಮ್ಮ ಕಡೆ ಬರೆದಿಟ್ಟದ್ದನ್ನು ನೋಡದೆ ಮೀನು ತೂಗಬೇಡಿ.