ಸೊಪ್ಪು ಎಂಬ ಮಾತು

ನಮ್ಮ ಕಡೆ ಸೊಪ್ಪಿ ಎಂದರೆ ಒಣಗಿದ ಜೋಳದ ದಂಟು. ತೆನೆ ಮುರಿದ ಮೇಲೆ ಹೊಲದಲ್ಲಿ ಉಳಿದದ್ದನ್ನು ಕೊಯ್ದು, ಸಿವುಡು ಕಟ್ಟಿ, ಬಣವೆ ಒಟ್ಟಿ, ವರ್ಷವಿಡೀ ದನಗಳಿಗೆ ಹಾಕುತ್ತೇವೆ. ಮನುಷ್ಯರು ತಿನ್ನುವ ಹಸಿರೆಲೆಗೆ ತಪ್ಪಲ ಎನ್ನುತ್ತೇವೆ. ಮೆಂತ್ಯದ ತಪ್ಪಲ, ನುಗ್ಗಿ ತಪ್ಪಲ, ಹತ್ತರಕಿ, ಹಕ್ಕರಕಿ, ಪುಂಡಿಪಲ್ಲೆ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಿಗೆ ಹೋದರೂ ಇದೇ ಮಾತು. ಇಷ್ಟು ಸಣ್ಣ ವಿಷಯವನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ನನ್ನ ಮಗಳ ಕಣ್ಣು ಹೋದದ್ದು ನಮ್ಮ ಸೊಪ್ಪಿ, ಮೈಸೂರಿನವರ ಸೊಪ್ಪು, ಈ ಎರಡು ಮಾತುಗಳ ನಡುವೆ. ಎರಡನ್ನೂ ಬಲ್ಲವನು ಮನೆಯಲ್ಲಿ ನಾನೊಬ್ಬನೇ ಎಂದು ಬಹಳ ವರ್ಷ ತಿಳಿದಿದ್ದೆ.

ನಾನು ಗದಗಿನಲ್ಲಿ ಮೆಟ್ರಿಕ್ ಮುಗಿಸಿ ಊರಿಗೆ ಮರಳಿ ಶಾಲೆಯ ಮಾಸ್ತರನಾದೆ. ಶಿರಹಟ್ಟಿಯಿಂದ ಎತ್ತಿನ ಗಾಡಿಯಲ್ಲಿ ಹೋಗಬಹುದಾದಷ್ಟು ದೂರದ ಎರೆಭೂಮಿಯ ಊರು. ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಹನುಮಪ್ಪನ ಗುಡಿಯ ಪಡಸಾಲೆಯಲ್ಲಿ ಪಾಠ ನಡೆಯುತ್ತಿತ್ತು. ಗುಡಿಯ ಹಿಂದಿನ ಗೋಡೆಯೇ ನಮ್ಮ ಹಿತ್ತಲ ಗೋಡೆ. ನಾನು ಈಚೆ ಮಗ್ಗಿ ಹೇಳಿಸುತ್ತಿದ್ದರೆ ಆಚೆ ನನ್ನ ಹೆಂಡತಿ ಮೊರದಲ್ಲಿ ಜೋಳ ಕೇರುವ ಸಪ್ಪಳ ಕೇಳುತ್ತಿತ್ತು.

ಕರ್ನಾಟಕ ಒಂದಾದ ಹೊಸತು. ಅದುವರೆಗೆ ಮುಂಬಯಿಯ ಕಡೆ ಮುಖ ಮಾಡಿದ್ದ ನಾವು ಮೈಸೂರಿನ ಕಡೆ ತಿರುಗಿದ್ದೆವು. ಆ ದಿನ ಊರಿನಲ್ಲಿ ಪೇಢೆ ಹಂಚಿದವರಲ್ಲಿ ನಾನೂ ಒಬ್ಬ. ಅದಾದ ಮೇಲೆ ಮೈಸೂರಿನಿಂದ ಬಂದ ಪಠ್ಯಪುಸ್ತಕವೊಂದರಲ್ಲಿ ಆರೋಗ್ಯದ ಪಾಠವಿತ್ತು. ಜೀವಸತ್ವಗಳು ಎಂದು ಅದರ ಹೆಸರು. ಎ ಜೀವಸತ್ವ ಕಣ್ಣಿಗೆ, ಬಿ ನರಗಳಿಗೆ, ಸಿ ಒಸಡಿಗೆ, ಡಿ ಎಲುಬಿಗೆ. ಎ ಜೀವಸತ್ವ ಹಸಿರು ಸೊಪ್ಪು, ಗಜ್ಜರಿ, ಹಾಲು, ಬೆಣ್ಣೆಯಲ್ಲಿರುತ್ತದೆ. ಅದು ಕಡಿಮೆಯಾದರೆ ಇರುಳುಗುರುಡು ಬರುತ್ತದೆ. ಸಿ ಜೀವಸತ್ವ ನೆಲ್ಲಿಕಾಯಿ, ಲಿಂಬೆಯಲ್ಲಿ. ಬೀಸುವ ಕಲ್ಲಿನಲ್ಲಿ ಬೀಸಿದ ಹಿಟ್ಟಿನಲ್ಲಿ ಬಿ. ಡಿ ಬಿಸಿಲಿನಿಂದ.

"ಬಿಸಲಿಂದ ಅಂದ್ರ ನಮ್ಮೂರಾಗ ಯಾರಿಗೂ ಕಡಿಮಿ ಇಲ್ಲ ಬಿಡ್ರಿ, ಮಾಸ್ತರ," ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು. ಸೊಪ್ಪು ಎಂಬ ಮಾತು ಬಂದಾಗಲಂತೂ ಗುಡಿಯೇ ಹಾರಿಹೋಗುವಂಥ ನಗು.

"ಸೊಪ್ಪಿ ದನಾ ತಿಂತಾವಲ್ರೀ!"

"ಅದಕ್ಕ ನಮ್ಮ ಎಮ್ಮಿಗೆ ಕಣ್ಣ ಚುಲೋ ಅದಾವು!"

ನಾನು ಕೋಲಿನಿಂದ ನೆಲ ಬಡಿದೆ. "ಲೇ, ಸೊಪ್ಪಿ ಅಲ್ಲ, ಸೊಪ್ಪು. ಮೈಸೂರ ಕಡೆಯವರು ತಪ್ಪಲಕ್ಕ ಸೊಪ್ಪು ಅಂತಾರ. ಇರುಳುಗುರುಡು ಅಂದ್ರ ಸಂಜೀ ಮುಂದ ಕಣ್ಣ ಮಬ್ಬಾಗೂದು. ಹೇಳ್ರಿ ಎಲ್ಲಾರೂ, ಸೊಪ್ಪು ಅಂದ್ರ ತಪ್ಪಲ."

"ಸೊಪ್ಪು ಅಂದ್ರ ತಪ್ಪಲ!" ಎಂದು ಮಕ್ಕಳು ಕೂಗಿದರು. ಬಾಯಿಪಾಠವಾಗುವ ತನಕ ಕೂಗಿಸಿದೆ. ಒಳ್ಳೆಯ ಪಾಠ ಮಾಡಿದೆನೆಂಬ ತೃಪ್ತಿಯಿಂದ ಮನೆಗೆ ಹೋಗಿ ಊಟಕ್ಕೆ ಕುಳಿತೆ.

ನಮ್ಮ ಮನೆಯಲ್ಲಿ ಗಂಡಸರ ಊಟ ಮೊದಲು. ಬಿಸಿ ರೊಟ್ಟಿ, ಮುದ್ದಿಪಲ್ಲೆ, ಪಕ್ಕದಲ್ಲಿ ತೊಳೆದಿಟ್ಟ ಹಸಿ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ. ನಾನು ಹಸಿ ತಪ್ಪಲವನ್ನು ರೊಟ್ಟಿಯಲ್ಲಿ ಸುತ್ತಿ ಕುರುಕುರು ತಿನ್ನುವುದನ್ನು ನೋಡಿ ಅವ್ವ ಇನ್ನಷ್ಟು ತಂದು ಹಾಕುತ್ತಿದ್ದಳು. ಹೆಂಗಸರು ಕುಳಿತುಕೊಳ್ಳುವ ಹೊತ್ತಿಗೆ ರೊಟ್ಟಿಯೂ ಕೆಂಪು ಖಾರವೂ ಮಾತ್ರ ಉಳಿದಿರುತ್ತಿದ್ದವು. ಬೆಣ್ಣೆ ಶಿರಹಟ್ಟಿಯ ಸಂತೆಗೆ ಹೋಗುತ್ತಿತ್ತು. ನನ್ನ ಹೆಂಡತಿ ಆಗ ಬಸುರಿ. ಬಸುರಿಗೆ ತಪ್ಪಲ ತಂಪು, ಹೊಟ್ಟೆಯ ಕೂಸಿಗೆ ಶೀತವಾಗುತ್ತದೆ ಎಂದು ಅವ್ವನ ನಂಬಿಕೆ. ಅವ್ವನ ಅತ್ತೆಯೂ ಅವ್ವನಿಗೆ ಹಾಗೆಯೇ ಮಾಡಿದ್ದಳಂತೆ.

ಕೆಲವು ದಿನಗಳಿಂದ ಹೊತ್ತು ಮುಳುಗುವಾಗ ನನ್ನ ಹೆಂಡತಿ ಗೋಡೆ ಹಿಡಿದು ನಡೆಯುತ್ತಿದ್ದಳು. ಒಮ್ಮೆ ಕೊಡ ಇಳಿಸುವಾಗ ಕಟ್ಟೆ ತಪ್ಪಿ ನೀರೆಲ್ಲ ಚೆಲ್ಲಿತು. ಒಮ್ಮೆ ಮಜ್ಜಿಗೆಯ ತಂಬಿಗೆಯನ್ನು ಕಾಲಿನಿಂದ ಒದ್ದಳು. "ಹಗಲೆಲ್ಲಾ ಕಣ್ಣ ನೆಟ್ಟಗ ಇರತಾವು, ಸಂಜೀ ಕೆಲಸಾ ಬಂದ ಕೂಡಲೇ ಕುರುಡು. ಸೋಗು ಚುಲೋ ಕಲತೀ," ಎಂದು ಅವ್ವ ಬೈಯುತ್ತಿದ್ದಳು. ಹೆಂಡತಿ ತಡವರಿಸುತ್ತ ಚೆಲ್ಲಿದ್ದನ್ನು ಒರೆಸುತ್ತಿದ್ದಳು. ನಾನು ಕಂದೀಲಿನ ಬೆಳಕಿನಲ್ಲಿ ಮಕ್ಕಳ ಪಾಟಿ ತಿದ್ದುತ್ತ ಕೂರುತ್ತಿದ್ದೆ. ಗುಡಿಯಲ್ಲಿ ಹೇಳಿದ ಪಾಠವನ್ನು ಗೋಡೆ ದಾಟಿಸಿ ಮನೆಗೆ ತರಬೇಕೆಂದು ನನಗೆ ಹೊಳೆಯಲೇ ಇಲ್ಲ ಎಂದು ಹೇಳಿದರೆ, ಅಲ್ಲಿಯವರೆಗೆ ಅದು ನಿಜ.

ಒಂದು ಮಧ್ಯಾಹ್ನ ಶಿರಹಟ್ಟಿಯಿಂದ ನರ್ಸಬಾಯಿ ಬಂದಳು. ಮೈಸೂರು ಸೀಮೆಯಿಂದ ವರ್ಗವಾಗಿ ಬಂದ ಚಿಕ್ಕ ವಯಸ್ಸಿನವಳು. ಬಸುರಿಯರನ್ನು ನೋಡುತ್ತ ನಮ್ಮ ಮನೆಗೂ ಬಂದು ಪಡಸಾಲೆಯಲ್ಲಿ ಕುಳಿತಳು. ಓಣಿಯ ಹೆಂಗಸರು ಅವಳ ಬಿಳಿ ಸೀರೆಯನ್ನೂ ಮಾತನ್ನೂ ನೋಡಲು ಸುತ್ತ ನೆರೆದರು. ಅವಳು ನನ್ನ ಹೆಂಡತಿಯ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು.

"ಸಂಜೆ ಹೊತ್ತು ಕಣ್ಣು ಕಾಣುತ್ತಾ, ಅಮ್ಮ?"

ಹೆಂಡತಿ ಅವ್ವನ ಕಡೆ ನೋಡಿ, ತಲೆ ತಗ್ಗಿಸಿ, ಇಲ್ಲವೆಂದು ಕತ್ತು ಆಡಿಸಿದಳು.

"ನೋಡಿ, ಅಜ್ಜಿ, ಇವರಿಗೆ ದಿನಾ ಸೊಪ್ಪು ಹಾಕಿ. ಎಷ್ಟು ತಿಂತಾರೋ ಅಷ್ಟು ಸೊಪ್ಪು ತಿನ್ನಿಸಿ. ಇವರಿಗೂ ಒಳ್ಳೇದು, ಮಗೂಗೂ ಒಳ್ಳೇದು."

ಅವ್ವ ಗಲ್ಲದ ಮೇಲೆ ಕೈ ಇಟ್ಟಳು. "ಏನಂದ್ರಿ, ಬಾಯಾರ? ಸೊಪ್ಪಿ? ನಮ್ಮ ಮನ್ಯಾಗ ಸೊಪ್ಪಿ ಎಮ್ಮಿಗೆ ಹಾಕ್ತೀವ್ರಿ. ಸೊಸಿಗೆ ರೊಟ್ಟಿ ಹಾಕ್ತೀವಿ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

"ಹಂಗಾರ ಎಮ್ಮಿ ಗ್ವಾದಲಿ ಮುಂದ ಕಟ್ಟಿಬಿಡು, ಯಕ್ಕಾ!" ಎಂದಳು ಎದುರು ಮನೆಯಾಕೆ.

"ಮೈಸೂರಾಗ ಹೆಣ್ಣಮಕ್ಕಳು ಸೊಪ್ಪಿ ತಿಂತಾರೇನ್ರೀ, ಬಾಯಾರ? ಮತ್ತ ಹಾಲ ಎಷ್ಟ ಕೊಡ್ತಾರ?"

ನರ್ಸಬಾಯಿಗೆ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ಮುಖ ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. "ಮೇಷ್ಟ್ರೇ, ನೀವು ಓದಿದೋರು. ನೀವಾದ್ರೂ ಹೇಳಿ."

ನಾನು ಹೇಳಬಹುದಿತ್ತು. "ಅವ್ವಾ, ಸೊಪ್ಪು ಅಂದ್ರ ತಪ್ಪಲ" ಎಂದರೆ ಮುಗಿಯುತ್ತಿತ್ತು. ಅದೇ ಮಾತನ್ನು ನಲವತ್ತು ಮಕ್ಕಳಿಂದ ಕೂಗಿಸಿದ ಬಾಯಿ ಇದು. ಆದರೆ ಓಣಿಯೆಲ್ಲ ನಗುತ್ತಿತ್ತು. ಅವ್ವನ ಚೇಷ್ಟೆ ಚೆನ್ನಾಗಿಯೂ ಇತ್ತು. ಅವಳನ್ನು ಅಷ್ಟು ಹೆಂಗಸರ ಮುಂದೆ ತಿದ್ದಿ ಹೆಂಡತಿಯ ಪರ ನಿಂತರೆ ನಾಳೆ ಕಟ್ಟೆಯ ಮೇಲೆ ನನ್ನನ್ನು ಏನೆನ್ನುತ್ತಾರೆಂಬುದೂ ಗೊತ್ತಿತ್ತು. ನನ್ನನ್ನು ಮೇಷ್ಟ್ರೇ ಎಂದು ಕರೆದ ಆ ಹುಡುಗಿಯ ನಯವಾದ ಮಾತಿನ ಮೇಲೆ ಸಣ್ಣ ಸಿಟ್ಟೂ ಇತ್ತು; ಒಂದಾದೆವೆಂದು ಪೇಢೆ ಹಂಚಿದವನಿಗೆ ಆ ಸಿಟ್ಟು ಎಲ್ಲಿಂದ ಬಂತೋ. ನಾನು ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ನಗುವಾಗ ಹೆಂಡತಿಯ ಮುಖ ಕಣ್ಣಿಗೆ ಬಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಏನನ್ನೋ ಕಾಯುವವರ ಹಾಗೆ. ಆಮೇಲೆ ಎದ್ದು ಒಳಗೆ ಹೋದಳು.

ಅಂದಿನಿಂದ ಮನೆಯಲ್ಲಿ ಅದೊಂದು ಮಾತಾಯಿತು. ಸಂಜೆ ಅವಳು ಎಡವಿದರೆ ಅವ್ವ, "ಸೊಪ್ಪಿ ಹಾಕ್ಲೇನವಾ?" ಎನ್ನುವಳು. ಎದುರು ಮನೆಯಾಕೆ ತನ್ನ ಬಾಗಿಲಲ್ಲಿ ನಿಂತು ಎಮ್ಮೆಯ ಹಾಗೆ ಕೂಗುವಳು. ನಾನು ಒಮ್ಮೆಯೂ ತಡೆಯಲಿಲ್ಲ. ತಡೆದರೆ ಅಂದು ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಏಳುತ್ತಿತ್ತು. ಹಿತ್ತಲಲ್ಲಿ ನುಗ್ಗೆಯ ಗಿಡ ಕೈಗೆಟುಕುವಂತೆ ಚಿಗುರಿ ನಿಂತಿತ್ತು.

ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೂ ತಪ್ಪಲ ವರ್ಜ್ಯ. ಹೆಂಡತಿ ಸೊರಗಿದ್ದಳು, ಕೂಸು ಅವಳ ಹಾಲನ್ನೇ ನಂಬಿ ಬೆಳೆಯಿತು. ಆದರೂ ಚುರುಕಾಗಿತ್ತು. ಗುಡಿಯ ಮಕ್ಕಳ ಮಗ್ಗಿ ಕೇಳಿ ಹಿತ್ತಲಲ್ಲಿ ಚಪ್ಪಾಳೆ ಹೊಡೆಯುತ್ತಿತ್ತು. ತೊದಲು ಮಾತು ಬಂದ ಹೊತ್ತಿಗೆ ಊರಲ್ಲಿ ದಡಾರ ಎದ್ದಿತು. ಕೂಸಿನ ಮೈತುಂಬ ಕೆಂಪು ಗುಳ್ಳೆ, ಜ್ವರ. ಬೇವಿನ ಎಲೆಯ ಮೇಲೆ ಮಲಗಿಸಿದೆವು. ಒಗ್ಗರಣೆ ಹಾಕಲಿಲ್ಲ, ತಪ್ಪಲ ಮನೆಯೊಳಗೆ ತರಲಿಲ್ಲ, ಗಂಜಿ ಬಿಟ್ಟು ಬೇರೇನೂ ಕೊಡಲಿಲ್ಲ. ಗುಳ್ಳೆ ಹೋದವು, ಜ್ವರ ಇಳಿಯಿತು. ಆದರೆ ಕೂಸು ಕಣ್ಣು ಬಿಡಲಿಲ್ಲ. ಬೆಳಕಿಗೆ ತಂದರೆ ಅವ್ವನ ಸೀರೆಯಲ್ಲಿ ಮುಖ ಹುದುಗಿಸಿ ಚೀರುತ್ತಿತ್ತು. ಹೆಂಡತಿ ಮೊಲೆಹಾಲು ಬಿಟ್ಟು ರೆಪ್ಪೆ ತೊಳೆದು ಬಿಡಿಸಿದಾಗ, ಕಪ್ಪು ಗುಡ್ಡೆಯ ಮೇಲೆ ಮಾಸಿದ ಬಿಳುಪು ಕಂಡಿತು.

ಶಿರಹಟ್ಟಿಗೆ ಗಾಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಗದಗಿಗೆ ಹೋದೆವು. ಡಾಕ್ಟರು ನಮ್ಮ ಸೀಮೆಯವರೇ, ವಯಸ್ಸಾದವರು. ಕೂಸಿನ ಎರಡೂ ಕಣ್ಣುಗಳನ್ನು ದೀಪ ಹಿಡಿದು ನೋಡಿದರು. ಮೀನಿನ ಎಣ್ಣೆಯ ಸೀಸೆ ತೆಗೆದು ಕೂಸಿನ ನಾಲಿಗೆಗೆ ಬಿಡುತ್ತ ನನ್ನ ಹೆಂಡತಿಯನ್ನು ಕೇಳಿದರು: "ಬಸುರಿದ್ದಾಗ ಸಂಜೀ ಮುಂದ ನಿನಗ ಕಣ್ಣ ಕಾಣತಿದ್ದಿಲ್ಲೇನವಾ?"

"ಇಲ್ರಿ."

"ತಪ್ಪಲಪಲ್ಲೆ ತಿಂತಿದ್ದಿಲ್ಲ?"

ಅವಳು ಕೂಸಿನ ಬಾಯಂಚಿನ ಎಣ್ಣೆಯನ್ನು ಸೆರಗಿನಿಂದ ಒರೆಸಿದಳು.

"ತಾಯಿ ಮೈಯಾಗ ಇಲ್ಲದ್ದು ಕೂಸಿಗೆ ಎಲ್ಲಿಂದ ಬರಬೇಕು? ದಡಾರ ಬಂದು ಇದ್ದಷ್ಟನ್ನೂ ತಿಂದು ಹೋಗೇತಿ. ಒಂದು ಹಿಡಿ ತಪ್ಪಲ ಸಾಕಾಗತಿತ್ತು. ನಿಮಗ ಯಾರೂ ಹೇಳಲಿಲ್ಲೇನು?"

ನಾನು ಸೀಸೆಯ ಮೇಲಿನ ಚೀಟಿ ಓದುವವನಂತೆ ಬಗ್ಗಿದೆ. ಕೂಸಿನ ಜೀವ ಉಳಿಯಿತು. ಎಡಗಣ್ಣು ಪೂರ್ತಿ ಹೋಯಿತು, ಬಲಗಣ್ಣಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಉಳಿಯಿತು.

ಮರಳುವ ಬಸ್ಸಿನಲ್ಲಿ ಕೂಸು ಅವಳ ತೊಡೆಯ ಮೇಲೆ ಮಲಗಿತ್ತು. ಕಿಟಕಿಯಾಚೆ ಕಪ್ಪು ಹೊಲಗಳಲ್ಲಿ ಕಡಲೆಯ ಹಸಿರು. ಅವಳು ಹೊರಗೆ ನೋಡುತ್ತಲೇ ಕೇಳಿದಳು.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಏನು?"

"ತಪ್ಪಲದ್ದು. ಕಣ್ಣಿಂದು."

"ಗೊತ್ತಿರಲಿಲ್ಲ," ಎಂದೆ.

"ಹೂಂ," ಎಂದಳು. ಮತ್ತೆ ಎಂದೂ ಆ ಮಾತು ತೆಗೆಯಲಿಲ್ಲ.

ಅವ್ವ ಮಾತ್ರ ಸಾಯುವವರೆಗೆ ಅದನ್ನು ಬಿಡಲಿಲ್ಲ. ಡಾಕ್ಟರು ಹೇಳಿದ್ದನ್ನು ಕೇಳಿದ ದಿನ ಗೋಡೆಗೆ ತಲೆ ಚಚ್ಚಿಕೊಂಡಳು. "ನನ್ನ ಬಾಯಿ ಸುಡ್ಲಿ. ಆ ಬಾಯಾರು ತಪ್ಪಲ ಅಂತ ಅಂದಿದ್ರ ನಾ ಕೊಡತಿದ್ದಿಲ್ಲೇನಲೇ, ತಮ್ಮಾ? ಸೊಪ್ಪಿ ಅಂದ್ರು. ನಾ ಓದಿದಾಕಿ ಅಲ್ಲ, ನನಗೇನ ತಿಳೀತೈತಿ," ಎಂದು ಓಣಿಯ ಎಲ್ಲರ ಮುಂದೆ ಅತ್ತಳು. ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ನನ್ನನ್ನು ಕ್ಷಮಿಸವಾ ಎನ್ನುವಳು. ಆ ಕೂಸಿಗೆ ಅರ್ಥವಾಗದು. ನಾನು ಕೇಳುತ್ತ ನಿಲ್ಲುತ್ತಿದ್ದೆ. ನನ್ನ ಪಾಲಿನ ತಪ್ಪನ್ನು ಅಕ್ಷರ ಬಾರದ ಆ ಮುದುಕಿ ತನ್ನದೆಂದು ಹೊತ್ತುಕೊಂಡೇ ಹೋದಳು. ಅದನ್ನು ಇಳಿಸಲು ನನ್ನಿಂದಾಗಲಿಲ್ಲ.

ಹೆಂಡತಿ ಹಿತ್ತಲನ್ನೆಲ್ಲ ಹಸಿರು ಮಾಡಿದಳು. ನುಗ್ಗೆಯ ಟೊಂಗೆ ನೆಟ್ಟಳು, ಬಚ್ಚಲ ನೀರಿಗೆ ಮೆಂತ್ಯ, ರಾಜಗಿರಿ ಬಿತ್ತಿದಳು. ಓಣಿಯಲ್ಲಿ ಯಾರು ಬಸುರಿಯಾದರೂ ಸೆರಗಿನಲ್ಲಿ ತಪ್ಪಲ ಕಟ್ಟಿಕೊಂಡು ಹೋಗಿ, ಅವರು ತಿನ್ನುವ ತನಕ ಎದುರಿಗೇ ಕೂರುತ್ತಿದ್ದಳು. ನನ್ನ ಊಟಕ್ಕೂ ಮೊದಲಿನಂತೆಯೇ ಹಕ್ಕರಕಿ ತೊಳೆದಿಡುತ್ತಿದ್ದಳು. ನಾನದನ್ನು ಮುಟ್ಟುವುದು ಬಿಟ್ಟಿದ್ದೆ. ಯಾಕೆಂದು ಅವಳು ಕೇಳಲಿಲ್ಲ, ಇಡುವುದನ್ನೂ ಬಿಡಲಿಲ್ಲ.

ಅವಳು ತೀರಿಕೊಂಡು ಎರಡು ಮಳೆಗಾಲ ಕಳೆದವು. ಮಗಳ ತಲೆಯಲ್ಲಿ ಈಗ ಬಿಳಿ ಕೂದಲಿವೆಯೆಂದು ನೆರೆಯವರು ಅವಳಿಗೆ ಹೇಳುತ್ತಾರೆ. ಮನೆಯ ಕೆಲಸವೆಲ್ಲ ಅವಳದೇ. ಮೊನ್ನೆ ಸಂಜೆ, ಮುಂದೆ ಹತ್ತರಕಿಯ ರಾಶಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತು ಬೆರಳಿನಿಂದಲೇ ಹುಲ್ಲು ಬೇರೆ, ತಪ್ಪಲ ಬೇರೆ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಗುಡಿಯ ಪಾಠ, ನರ್ಸಬಾಯಿ, ನನ್ನ ನಗು, ಬಸ್ಸಿನಲ್ಲಿ ಹೇಳಿದ ಸುಳ್ಳು. ಹೇಳುವಾಗ ಅವಳ ಕೈ ನಿಲ್ಲಲಿಲ್ಲ.

"ಹಡದವ್ವಗ ಗೊತ್ತಿತ್ತು, ಅಪ್ಪಾ," ಎಂದಳು.

"ಏನ ಗೊತ್ತಿತ್ತು?"

"ಸೊಪ್ಪು ಅಂದ್ರ ತಪ್ಪಲ ಅನ್ನೂದು. ಗ್ವಾಡಿ ಆಚಿ ಜ್ವಾಳ ಕೇರಕೋತ ಕುಂತಿದ್ಲಂತ. ಹುಡುಗರು ಕೂಗಿ ಕೂಗಿ ಆಕೀಗೂ ಬಾಯಿಪಾಠ ಆಗಿತ್ತಂತ. ನಾ ಸಣ್ಣಾಕಿದ್ದಾಗ ಪಲ್ಲೆ ಸೋಸೂ ಮುಂದ ಹಾಡಿನಾಂಗ ಅಂತಿದ್ಲು."

"ಗೊತ್ತಿದ್ರ ಆಕಿ ಯಾಕ ತಿನ್ನಲಿಲ್ಲ?"

"ನಾನೂ ಕೇಳಿದ್ದೆ. ಹೊಸದಾಗಿ ಬಂದ ಸೊಸಿ, ಅತ್ತಿ ಬ್ಯಾಡ ಅಂದದ್ದು ಹೆಂಗ ತಿನ್ನಲಿ ಅಂದ್ಲು. ನಿಮ್ಮಪ್ಪಾರು ಒಂದ ಮಾತ ಹೇಳಿದ್ರ ತಿಂತಿದ್ದೆ, ಹೇಳತಾರಂತ ದಾರಿ ಕಾದೆ ಅಂದ್ಲು."

ಬಸ್ಸಿನಲ್ಲಿ ಹೆಂಡತಿ ಕೇಳಿದ ಪ್ರಶ್ನೆ ಆಗ ನನಗೆ ತಿಳಿಯಿತು. ಉತ್ತರ ಗೊತ್ತಿದ್ದೇ ಕೇಳಿದ್ದಳು. ಹೌದೆಂದಿದ್ದರೆ ಬೈಯುತ್ತಿದ್ದಳೋ, ಅಳುತ್ತಿದ್ದಳೋ, ಇಬ್ಬರೂ ಸೇರಿ ಅಳಬಹುದಿತ್ತು. ಆ ಹೂಂ ಎಂಬುದನ್ನು ಇಟ್ಟುಕೊಂಡು ಅಷ್ಟು ವರ್ಷ ನನಗೆ ಅನ್ನ ಹಾಕಿದಳು.

ಹೊತ್ತು ಮುಳುಗಿತ್ತು. ಮಗಳು ರಾಶಿಯಿಂದ ಒಂದು ಎಸಳು ಎತ್ತಿ, ತಿಕ್ಕಿ, ಮೂಸಿ ನೋಡಿ ನನ್ನ ಕಡೆ ಚಾಚಿದಳು.

"ಇದ ಬೆರಳಿಗೆ ತಿಳೀವಲ್ದು, ಅಪ್ಪಾ. ತಪ್ಪಲೋ, ಹುಲ್ಲೋ?"

ಪೊರೆ ಬಂದ ಕಣ್ಣಿನ ಹತ್ತಿರ ತಂದು ನೋಡಿದೆ. ಮಬ್ಬಿನಲ್ಲಿ ಏನೂ ಕಾಣಲಿಲ್ಲ.

"ಗೊತ್ತಿಲ್ಲವಾ," ಎಂದೆ. ಈ ಸಲ ಅದು ಖರೆ ಇತ್ತು.