ಕೊನೆಯ ಮನೆಯ ನಳ

ನಾನು ನಿಂತಿದ್ದು ಓಣಿಯ ಕೊನೆಯ ಮನೆಯ ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ. ಕೊರೊನಾ ತಗ್ಗಿದ ಮೇಲಿನ ಎರಡನೆಯ ಮಳೆಗಾಲ, ಶ್ರಾವಣದ ಮೊದಲ ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಕಡಿಮೆ. ಊರು ಶಹಾಬಾದ ಮತ್ತು ಚಿತ್ತಾಪುರದ ನಡುವೆ, ಕಲ್ಲಿನ ಗಣಿಗಳ ಪಕ್ಕದಲ್ಲಿರುವ ಒಂದು ಹಳ್ಳಿ. ಅದರ ಹೆಸರು ಬರೆಯುವುದಿಲ್ಲ. ಆಗ ನಾನು ಆ ಭಾಗದ ಹಿರಿಯ ಆರೋಗ್ಯ ನಿರೀಕ್ಷಣಾಧಿಕಾರಿ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದವು.

ಒಂದು ಗಂಟೆ ಮೊದಲು ಆಶಾ ಕಾರ್ಯಕರ್ತೆ ನಾಗಮ್ಮ ಫೋನ್ ಮಾಡಿದ್ದಳು. ಒಂದೇ ಓಣಿಯ ನಾಲ್ಕು ಮನೆಗಳಲ್ಲಿ ಹಿಂದಿನ ದಿನದಿಂದ ವಾಂತಿ, ಭೇದಿ. ಮೊದಲ ಮೂರು ಮನೆಗಳವರು ಎದ್ದು ಕೂತು ನೀರು ಕುಡಿಯುವಷ್ಟಿದ್ದರು; ಅವರನ್ನು ನೋಡಿಕೊಂಡು ನಾಲ್ಕನೆಯದಕ್ಕೆ ಬಂದಿದ್ದೆ. ಒಳಗೆ ಫರಸಿ ಕಲ್ಲಿನ ನೆಲದ ಮೇಲೆ ರೇಣುಕಾ ಮಲಗಿದ್ದಳು. ಇಪ್ಪತ್ತಾರು ವಯಸ್ಸು, ಏಳು ತಿಂಗಳ ಬಸುರಿ. ಕಣ್ಣು ಗುಳಿ ಬಿದ್ದಿದ್ದವು. ಬೆರಳ ತುದಿಗಳು ಬಹಳ ಹೊತ್ತು ಬಟ್ಟೆ ಒಗೆದವರ ಬೆರಳಿನಂತೆ ಸುಕ್ಕಾಗಿದ್ದವು. ಮೂಲೆಯ ಬಕೆಟ್ಟಿನಲ್ಲಿದ್ದ ಭೇದಿ ಅಕ್ಕಿ ತೊಳೆದ ನೀರಿನಂತೆ ಕಾಣುತ್ತಿತ್ತು.

ಅವಳ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟೆ. ಮೈಯಲ್ಲಿ ನೀರಿದ್ದರೆ ಚರ್ಮ ಕೂಡಲೇ ಕೆಳಗಿಳಿಯುತ್ತದೆ. ಅವಳದು ಎತ್ತಿದ ಹಾಗೆಯೇ ನಿಂತಿತು. ಮಣಿಕಟ್ಟಿನಲ್ಲಿ ನಾಡಿ ಹುಡುಕಿದೆ, ಸಿಗಲಿಲ್ಲ. ಅವಳ ಇನ್ನೊಂದು ಕೈ ಹಿಡಿದೆ. ಅಲ್ಲಿ ಎಲ್ಲೋ ದೂರದಲ್ಲಿ, ದಾರದಂತೆ ಸಿಕ್ಕಿತು.

ಅತ್ತೆ ಶರಣಮ್ಮ ತಲೆಯ ಹತ್ತಿರ ಕೂತು ಒದ್ದೆ ಬಟ್ಟೆಯನ್ನು ಸೊಸೆಯ ತುಟಿಗೆ ಒತ್ತುತ್ತಿದ್ದಳು.

"ನೀರು ಕುಡಿಸೀರೇನು?" ಎಂದು ಕೇಳಿದೆ.

"ಕುಡಿಸಿದ್ರ ಮತ್ತ ಹೊರಗ ಹೋಗ್ತದಲ್ರಿ ಸಾಹೇಬ್ರ. ಅದಕ್ಕ ನಸುಕಿನಿಂದ ಬಂದ್ ಮಾಡೀನಿ. ತುಟಿ ಅಷ್ಟೇ ತೋಯಿಸ್ಲಿಕತ್ತೀನಿ."

"ಶರಣಮ್ಮತ್ತಿ, ಗಿಡಾ ಬಾಡ್ಲಿಕತ್ತದ ಅಂತ ಇದ್ದ ನೀರೂ ಬಂದ್ ಮಾಡ್ತಾರೇನು?" ಎಂದಳು ನಾಗಮ್ಮ. ಅವಳು ಆಗಲೇ ಕುದಿಸಿ ಆರಿಸಿದ ನೀರನ್ನು ತನ್ನ ಮನೆಯಿಂದ ತರಿಸಿ, ಒಂದು ಲೀಟರಿಗೆ ಒಂದು ಪೊಟ್ಟಣದ ಲೆಕ್ಕದಲ್ಲಿ ಓಆರ್‌ಎಸ್ ಕಲಸುತ್ತಿದ್ದಳು. ಓಆರ್‌ಎಸ್ ಎಂದರೆ ಉಪ್ಪು ಸಕ್ಕರೆಯ ಪುಡಿ. ಭೇದಿಯಲ್ಲಿ ಹೋದದ್ದನ್ನು ಅದು ತಿರುಗಿ ತುಂಬುತ್ತದೆ.

ಆದರೆ ನಾಡಿ ಇಷ್ಟು ಇಳಿದವರಿಗೆ ಕುಡಿಸುವುದು ಸಾಲದು, ನರಕ್ಕೆ ಸಲೈನ್ ಬೇಕು. ೧೦೮ಕ್ಕೆ ಕರೆ ಮಾಡಿದೆ. ಗಾಡಿ ವಾಡಿಯ ಕಡೆ ಇನ್ನೊಬ್ಬ ರೋಗಿಯನ್ನು ಇಳಿಸುತ್ತಿತ್ತು, ನಲವತ್ತು ನಿಮಿಷ ಎಂದರು. ಗಂಡ ಕಲ್ಲಿನ ಲಾರಿ ತೆಗೆದುಕೊಂಡು ಸೇಡಂ ಕಡೆ ಹೋಗಿದ್ದ. ಊರಲ್ಲಿ ಬೇರೆ ಗಾಡಿ ಸಿಗಲಿಲ್ಲ. ನಾಗಮ್ಮ ಚಮಚದಿಂದ ಹನಿ ಹನಿಯಾಗಿ ಕುಡಿಸುತ್ತ ಹೋದಳು. ನಾನು ಗಡಿಯಾರ ನೋಡುತ್ತ ನಿಂತೆ. ಆ ಹೊತ್ತಿನಲ್ಲಿ ಮಾಡಬಹುದಾದ ಒಂದೇ ಕೆಲಸ ರೋಗದ ಮೂಲ ಕೇಳುವುದಾಗಿತ್ತು. ಕೇಳಿದೆ.

"ಯಾವ ನೀರು ಕುಡೀತೀರಿ?"

ಶರಣಮ್ಮ ತಲೆಯೆತ್ತಿದಳು. "ನಳದ್ದು. ಮೊದಲ ಈಕಿ ಕಾಸೇ ಕುಡೀತಿದ್ಳು. ರಾಣಿ ಸಾಹೇಬರ ನೀರು ಬ್ಯಾರೆ ಅಂತ ನಾನೇ ಚಾಷ್ಟಿ ಮಾಡ್ತಿದ್ದೆ. ನೀವು ಬಂದು ಬ್ಯಾಡ ಅಂದ ಮ್ಯಾಲ ಬಿಟ್ಟಾಳ."

ಅವಳ ದನಿಯಲ್ಲಿ ಆರೋಪ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೆ. ಹತ್ತು ದಿನದ ಹಿಂದೆ ಇದೇ ಬಾಗಿಲಲ್ಲಿ ರೇಣುಕಾ ನನ್ನನ್ನು ಕೇಳಿದ್ದಳು, ನಳದ ನೀರನ್ನು ಇನ್ನೂ ಕಾಸಬೇಕೇನು ಎಂದು. ನಾನು ಆಗಷ್ಟೇ ಊರಿನ ಟ್ಯಾಂಕು ಪರೀಕ್ಷೆ ಮಾಡಿ ಬಂದಿದ್ದೆ. "ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿಸೀನಿ, ಟೆಸ್ಟ್ ಮಾಡೀನಿ. ಗ್ಯಾಸ್ ಸುಮ್ಮನ ಯಾಕ ಸುಡ್ತಿ ತಂಗಿ" ಎಂದಿದ್ದೆ. ಆ ಓಣಿಯಲ್ಲಿ ನೀರು ಕಾಸಿ ಕುಡಿಯುತ್ತಿದ್ದವಳು ಅವಳೊಬ್ಬಳೇ. ಬಿಡಿಸಿದವನು ನಾನು.

ಆಂಬುಲೆನ್ಸ್ ಬಂದಾಗ ಹನ್ನೊಂದು ಐವತ್ತು. ನಾಗಮ್ಮ ಜೊತೆಗೆ ಹತ್ತಿದಳು. ನಾಲ್ಕು ವರ್ಷದ ಮೊಮ್ಮಗಳಿದ್ದುದರಿಂದ ಶರಣಮ್ಮ ಉಳಿದಳು. ನಾನೂ ಹತ್ತಬೇಕೆಂದುಕೊಂಡೆ. ಆದರೆ ಅದೇ ನೀರು ಇನ್ನೂ ಮನೆ ಮನೆಯ ಕೊಡದಲ್ಲಿತ್ತು.

ಮೊದಲು ಟ್ಯಾಂಕಿಗೆ ಹೋದೆ. ನೀರಿನಲ್ಲಿ ಕ್ಲೋರಿನ್ ಇದೆಯೇ ಎಂದು ನೋಡಲು ನಮ್ಮ ಬಳಿ ಒಂದು ಚಿಕ್ಕ ಡಬ್ಬಿ ಇರುತ್ತದೆ. ಅದರಲ್ಲಿನ ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಔಷಧ ಹಾಕಿದರೆ, ಕ್ಲೋರಿನ್ ಇದ್ದಷ್ಟೂ ನೀರು ಹಳದಿಯಾಗುತ್ತದೆ. ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಇರಬೇಕೆಂಬುದು ನಿಯಮ. ಟ್ಯಾಂಕಿನ ನೀರು ಒಳ್ಳೆಯ ಹಳದಿಯಾಯಿತು. ವಾಟರ್‌ಮನ್ ಖಾಜಾ ಮಿಯಾ ಹಗುರಾದ. "ಪೌಡರ್ ನಾ ಬರಾಬರ್ ಹಾಕೀನಿ ಸಾಬ್. ನಿಮ್ಮ ಡಬ್ಬಿ ಸುಳ್ಳ ಹೇಳಂಗಿಲ್ಲ."

ಅವನನ್ನು ಕೊನೆಯ ಮನೆಗೆ ಕರೆತಂದೆ. ಆ ಓಣಿ ಏರಿನಲ್ಲಿದೆ, ನೀರಿಗೆ ಒತ್ತಡ ಸಾಲದು. ಅದಕ್ಕೆ ಜನ ಮನೆಯ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ನಳವನ್ನು ನೆಲದ ಮಟ್ಟಕ್ಕಿಂತ ಕೆಳಗೆ ಕೂಡಿಸಿಕೊಳ್ಳುತ್ತಾರೆ. ಎಷ್ಟು ಕೆಳಗೋ ಅಷ್ಟು ನೀರು. ಶರಣಮ್ಮನ ಮಗ ಕಲ್ಲಿನ ಕೆಲಸ ಬಲ್ಲವನು. ನಾಲ್ಕೂ ಕಡೆ ಪಾಲಿಷ್ ಫರಸಿ ನಿಲ್ಲಿಸಿ, ಮೇಲೊಂದು ಕಲ್ಲು ಮುಚ್ಚಿ, ಪೆಟ್ಟಿಗೆಯ ಹಾಗೆ ಮಾಡಿದ್ದ.

"ಈ ಓಣ್ಯಾಗ ಇಂಥಾ ಗುಂಡಿ ಯಾರದ್ದೂ ಇಲ್ರಿ," ಎಂದಳು ಶರಣಮ್ಮ. "ನೋಡಲಿಕ್ಕ ಬರ್ತಿದ್ರು ಮಂದಿ."

ಮುಚ್ಚಳ ಸರಿಸಿದೆವು. ಮಳೆಗೆ ಪಕ್ಕದ ಚರಂಡಿ ತುಂಬಿ, ಕಲ್ಲಿನ ಸಂದಿನಿಂದ ಗುಂಡಿಯೊಳಗೆ ಇಳಿದಿತ್ತು. ನಳದ ಬಾಯಿ ಆ ನೀರಿನಲ್ಲಿ ಮುಳುಗಿತ್ತು. ಖಾಜಾ ವಾಲ್ವ್ ತಿರುಗಿಸಿ ನೀರು ಬಿಟ್ಟ. ನಳಕ್ಕೆ ಕೊಳವೆಯೊಂದನ್ನು ಸಿಕ್ಕಿಸಿ, ಮೊದಲು ಬಂದ ನೀರನ್ನು ನಳಿಗೆಯಲ್ಲಿ ಹಿಡಿದು ಔಷಧ ಹಾಕಿದೆ. ಬಣ್ಣ ಬರಲಿಲ್ಲ. ಮತ್ತೆರಡು ಹನಿ ಹಾಕಿದೆ. ಬರಲಿಲ್ಲ.

"ಬೆಳ್ಳಗದ, ಛಲೋ ಅದಲ್ರಿ?" ಎಂದಳು ಶರಣಮ್ಮ. ನಾನು ನೀರು ಹರಿಯಲು ಬಿಟ್ಟು ಮತ್ತೆ ಮತ್ತೆ ನಳಿಗೆ ಹಿಡಿದೆ.

ಹತ್ತು ನಿಮಿಷ ಹರಿದ ಮೇಲೆ ತೆಳುವಾಗಿ ಹಳದಿ ಕಂಡಿತು. ಅಂದರೆ ಮೊದಲು ಬರುವ ಕೊಡಗಳೇ ಕೆಟ್ಟವು. ಮನೆಯವರು ಕುಡಿಯಲು ತುಂಬಿಕೊಳ್ಳುವುದು ಅವನ್ನೇ. ಕಾರಣ ಗೊತ್ತಾಗಬೇಕಿತ್ತು. ನೀರು ನಿಲ್ಲಿಸು, ನಳ ದಿನಾ ಇರುವ ಹಾಗೆ ತೆರೆದೇ ಇರಲಿ, ಕೊಳವೆ ತೆಗೆ ಎಂದೆ. ಖಾಜಾ ವಾಲ್ವ್ ಮುಚ್ಚಿ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗುಂಡಿಯ ನೀರಿನ ಮೇಲೆ, ನಳದ ಬಾಯಿಯ ನೇರಕ್ಕೆ, ಒಂದು ಸಣ್ಣ ಸುಳಿ ಕಂಡಿತು. ನೀರು ಇಳಿಯತೊಡಗಿತು. ಒಂದು ಎಲೆ ತಿರುಗುತ್ತ ಬಂದು ನಳದ ಬಾಯಿಗೆ ಅಂಟಿಕೊಂಡಿತು. ಇಳಿಜಾರಿನ ಮನೆಗಳ ಕಡೆ ಪೈಪು ಖಾಲಿಯಾಗುತ್ತಿದ್ದಂತೆ ಈ ನಳ ಚರಂಡಿಯ ನೀರನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ನೀರು ಕೊಡಬೇಕಾದ ನಳ ನಮ್ಮ ಕಣ್ಣೆದುರಿಗೇ ನೀರು ಕುಡಿಯುತ್ತಿತ್ತು. ಮಕ್ಕಳು ಗುಟುಕರಿಸುವಂಥ ಶಬ್ದ. ಮೂವತ್ತು ವರ್ಷದ ನೌಕರಿಯಲ್ಲಿ ಹೆಣ ನೋಡಿದ್ದೇನೆ, ಇಷ್ಟು ಹೆದರಿರಲಿಲ್ಲ. ಆ ಓಣಿಯಲ್ಲಿ ಇಂಥ ಗುಂಡಿಗಳು ಹದಿನೇಳು ಇದ್ದವು. ನಾನು ವರ್ಷಗಳಿಂದ ಅವುಗಳ ಮುಚ್ಚಳದ ಮೇಲೆ ಕಾಲಿಟ್ಟು ನಡೆದಿದ್ದೆ.

"ಯಾ ಅಲ್ಲಾ," ಎಂದ ಖಾಜಾ, ಮೆಲ್ಲಗೆ. "ನಾನೇ ದಿನಾ ಬಂದ್ ಮಾಡ್ತೀನಿ ಸಾಬ್ ವಾಲ್ವ್."

ಮಧ್ಯಾಹ್ನವಿಡೀ ಮನೆ ಮನೆ ತಿರುಗಿ ಕೊಡ ಖಾಲಿ ಮಾಡಿಸಿದೆವು. ಕುದಿ ಬರುವವರೆಗೆ ಕಾಸಿದ ನೀರು, ಮುಚ್ಚಿದ ಪಾತ್ರೆ, ಕೈ ಅದ್ದದೆ ಹಿಡಿಕೆಯ ಸೌಟಿನಿಂದ ತೆಗೆಯುವುದು, ಊಟಕ್ಕೆ ಮೊದಲು ಮತ್ತು ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವುದು. ಹೊಸದೇನೂ ಅಲ್ಲ, ಗೋಡೆಯ ಮೇಲೆ ಬರೆಸಿದ್ದ ಮಾತುಗಳೇ.

ಐದೂವರೆಗೆ ನಾಗಮ್ಮನ ಫೋನ್ ಬಂತು. "ಆರನೇ ಬಾಟ್ಲಿ ನಡದದ ಸರ್. ಈಗ ಮೂತ್ರ ಹೋಗ್ಯಾಳ. ಕೂಸಿನ ಬಡಿತ ಅದ ಅಂದ್ರು ಡಾಕ್ಟರ್." ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ರೇಣುಕಾಗೆ ಒಂಬತ್ತನೆಯ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು, ತೂಕ ಕಡಿಮೆ, ಉಳಿದುಕೊಂಡಿತು. ಗುಂಡಿಗಳನ್ನು ಮುಚ್ಚಿಸಿ ನಳ ಮೇಲೆತ್ತಿಸಲು ಎರಡು ತಿಂಗಳು ಬೇಕಾಯಿತು. ನೀರು ಸಣ್ಣಗೆ ಬರುತ್ತದೆಂದು ಜನ ಬೈದರು, ಬೈಸಿಕೊಂಡೆ. ರೇಣುಕಾಗೆ ನಾನು ಕೊಟ್ಟಿದ್ದ ಸಲಹೆಯನ್ನೂ ವರದಿಯಲ್ಲಿ ಬರೆದು ವೈದ್ಯಾಧಿಕಾರಿಗೆ ಕೊಟ್ಟೆ.

ನೌಕರಿ ನನಗೆ ಕಲಿಸಿದ್ದು ಇಷ್ಟು: ನೀರನ್ನು ಟ್ಯಾಂಕಿನಲ್ಲಲ್ಲ, ಕೊನೆಯ ಮನೆಯಲ್ಲಿ, ಮೊದಲು ಬರುವ ಕೊಡದಲ್ಲಿ ಪರೀಕ್ಷಿಸಬೇಕು. ಮತ್ತು ಯಾರೋ ತಾವಾಗಿಯೇ ಹಿಡಿದಿರುವ ಒಳ್ಳೆಯ ಅಭ್ಯಾಸವನ್ನು, ಅದು ಹೆಚ್ಚಾಯಿತೆಂದು ಅನ್ನಿಸಿದರೂ, ಬಿಡಿಸಲು ಹೋಗಬಾರದು.

ಆ ಸುಳಿಯನ್ನು ನೋಡಿದವರು ಮೂವರು. ಶರಣಮ್ಮ ಹೋದ ವರ್ಷ ವಯಸ್ಸಾಗಿ ತೀರಿಕೊಂಡಳು. ಖಾಜಾ ಮಿಯಾ ವಾಡಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಉಳಿದವನು ನಾನು. ಚಮಚ ಹಿಡಿದ ನಾಗಮ್ಮ ಅದೇ ಊರಲ್ಲಿ ಈಗಲೂ ಕೆಲಸದಲ್ಲಿದ್ದಾಳೆ. ರೇಣುಕಾ ಇದ್ದಾಳೆ. ಹೇಳಲು ನನಗೆ ಇಷ್ಟು ಪುಟ ಬೇಕಾದದ್ದನ್ನು, ಕೇಳಿದವರಿಗೆ ಅವಳು ಒಂದೇ ಮಾತಿನಲ್ಲಿ ಹೇಳುತ್ತಾಳಂತೆ: "ಸಾಹೇಬ್ರು ಬ್ಯಾಡ ಅಂದ್ರು, ನಾ ಬಿಟ್ಟೆ."