ತೆಂಗಿನ ದ್ವೀಪದ ತಕರಾರು

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರಿಗೆ ಖುಷಿಯಾದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಅಂಗಿಯ ತೋಳು ಮೇಲೇರುತ್ತಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಪಾಠ ಬಂದ ದಿನ ಎರಡೂ ಒಟ್ಟಿಗೇ ಆಗಿ, ಹೊಸದುರ್ಗದ ನಮ್ಮ ಕಾಲೇಜಿನ ಕೋಣೆ ಸಂತೆಯಾಯಿತು.

"ಬೆಂಚಿಗೊಂದು ದೇಶ ಕಣ್ರಪ್ಪ. ನೀವೀಗ ಪಿಯುಸಿ ಹುಡುಗ್ರಲ್ಲ, ಲೋಕದ ವ್ಯಾಪಾರಕ್ಕೆ ಕಟ್ಟಳೆ ಮಾಡೋರು" ಎಂದರು.

ಕೊಬ್ಬರಿ ಮಂಡಿಯವರ ಮಗನದು ದೊಡ್ಡ ದೇಶ. ಜವನಗೊಂಡನಹಳ್ಳಿಯ ಕುರಿಗಾರರ ಮನೆಯಿಂದ ಬಂದ ನನ್ನದು ತೆಂಗೊಂದನ್ನೇ ನಂಬಿದ ಪುಟ್ಟ ದ್ವೀಪ. ಹೊರದೇಶದ ತೆಂಗಿನಕಾಯಿಗೆ ಯಾರು ಎಷ್ಟು ಬೇಕಾದರೂ ಸುಂಕ ಹಾಕಬಹುದು ಎಂದು ದೊಡ್ಡ ದೇಶ ಸೂಚಿಸಿತು.

"ಯಾರ್ದಾದ್ರೂ ತಕರಾರು ಐತಾ?" ಮೇಷ್ಟ್ರು ನನ್ನ ಕಡೆಗೇ ನೋಡುತ್ತಾ ಕಾದರು. ನನಗೆ ನಾಲಿಗೆಯೇ ಹೊರಳಲಿಲ್ಲ. ಅವರು ಮೇಜು ಕುಟ್ಟಿದರು.

"ಮುಗೀತು. ನಿನ್ನ ಕಾಯಿ ಇನ್ನು ಯಾರೂ ಕೊಳ್ಳಲ್ಲ. ಆ ಸಂಸ್ಥೇಲಿ ಕೈ ಎತ್ತಿಸಿ ಎಣಿಸೋದು ಕಡಿಮೆ ಕಣಮ್ಮ. ಕುಂತೋರು ಯಾರೂ ಬ್ಯಾಡ ಅನ್ನದಿದ್ರೆ ಎಲ್ಲರೂ ಒಪ್ಪಿದಂಗೆ. ಒಬ್ಬರು ಬ್ಯಾಡ ಅಂದ್ರೆ ಎಂಥಾ ದೊಡ್ಡ ದೇಶಾನೂ ನಿಂತು ಕೇಳ್ಬೇಕು."

ಇಲ್ಲದ ಆ ದ್ವೀಪಕ್ಕಾಗಿ ಹಾಸ್ಟೆಲಿಗೆ ಹೋಗಿ ಅತ್ತೆ. ಮರುದಿನ ಮಾತುಮಾತಿಗೂ ತಕರಾರು ತೆಗೆದೆ. ದೊಡ್ಡ ದೇಶ ಬೆವರಿತು. ಮೇಷ್ಟ್ರ ಕಿವಿ ನೋಡಬೇಕಿತ್ತು ಆವತ್ತು! ನನಗೋ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಪರೀಕ್ಷೆ ಮುಗಿಸಿ ಊರಿಗೆ ಹೋದರೆ ನಮ್ಮ ಪಡಸಾಲೆಯಲ್ಲೂ ಸಭೆ. "ಹುಡುಗಿ ಓದಿದ್ದು ಸಾಕು. ಯಾರೇನಂತೀರಿ?" ಎಂದರು ದೊಡ್ಡಪ್ಪ. ಅಪ್ಪ ಕಂಬಳಿಯ ಅಂಚು ತಿರುವುತ್ತಾ ಕೂತಿದ್ದ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಯಾರೂ ಮಾತಾಡಲಿಲ್ಲ.

"ನಂದು ತಕರಾರು ಐತೆ ದೊಡ್ಡಪ್ಪ" ಎಂದೆ.

ಅವರು ಬಾಯಿ ತೆರೆಯುವ ಮುಂಚೆಯೇ ಅಪ್ಪ, "ನಂದೂ ಐತೆ" ಎಂದ. ಅಣ್ಣನಿಗೆ ಅವನು ಎದುರಾಡಿದ್ದು ಅದೇ ಮೊದಲು.

ಇವತ್ತು ಹಿರಿಯೂರಿನ ದಾಳಿಂಬೆ ಹೊರದೇಶಕ್ಕೆ ಹೊರಡುವ ಮುಂಚೆ, ಅಲ್ಲಿನ ಕಟ್ಟಳೆಗೆ ಒಪ್ಪುತ್ತದೆಯೇ ಎಂದು ನೋಡುವ ಕೆಲಸ ನನ್ನದು. ಲಾರಿ ಹೊರಟಾಗಲೆಲ್ಲ ನನ್ನ ದ್ವೀಪ ನೆನಪಾಗಿ ಮೈ ಝುಂ ಎನ್ನುತ್ತದೆ.

ಕಳೆದ ತಿಂಗಳು ಮೇಷ್ಟ್ರು ತೀರಿಕೊಂಡರು. ಅದೇ ಕೋಣೆಯಲ್ಲಿ ಶ್ರದ್ಧಾಂಜಲಿ ಸಭೆ. ಒಂದು ನಿಮಿಷ ಮೌನವೆಂದು ಎಲ್ಲರನ್ನೂ ಎದ್ದು ನಿಲ್ಲಿಸಿದರು. ಆ ಕೋಣೆಯಲ್ಲಿ ಸುಮ್ಮನಿದ್ದರೆ ಅವರು ಹೋದದ್ದಕ್ಕೆ ಒಪ್ಪಿದಂತೆ. ನನಗೆ ತಡೆಯಲಾಗಲಿಲ್ಲ.

"ಸಾರ್," ಎಂದೆ ಮೇಷ್ಟ್ರ ಪಟ ನೋಡುತ್ತಾ, ಎಲ್ಲರಿಗೂ ಕೇಳುವಂತೆ, "ನಂದು ತಕರಾರು ಐತೆ."